ಬಿಟ್ಟ ಕ್ಯಾಚು ಯಾರ ಲೆಕ್ಕಕ್ಕೆ?

ಹೋದ ವಾರ ಅಣ್ಣನ ಮಗ ಇನ್ನೂರು ಪೇಜಿನ ನೋಟ್‌ಬುಕ್ ಒಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಯಾದಗಿರಿಯಲ್ಲಿ ಕಾಲೇಜು ಓದುವ ಹುಡುಗ. ಪರೀಕ್ಷೆ ಹತ್ತಿರ ಬಂತು, ಏನೋ ಕೇಳಲಿಕ್ಕೆ ಬಂದಿದ್ದಾನೆ ಅಂದುಕೊಂಡೆ. ಚಹಾ ಕುಡಿದು ಮುಗಿಸಿದ ಮೇಲೆ ನೋಟ್‌ಬುಕ್ ಬಿಚ್ಚಿ ನನ್ನ ಮುಂದೆ ಇಟ್ಟ.

"ಕಾಕಾ, ಈ ಲಿಸ್ಟ್ ಒಮ್ಮಿ ನೋಡ್ರಿ. ನಂದು ಮೂರನೇ ಪಾಳಿ ಅದ. ಮೊದ್ಲ ಯಾವ ಬೌಲರ್‌ನ ಎತ್ತಲಿ?"

ಅದು ಎಂಟು ಗೆಳೆಯರ ಆಟ. ಯಾದಗಿರಿಯವರು ಮೂವರು, ಶಹಾಪುರದವರು ಮೂವರು, ಸುರಪುರದವರು ಇಬ್ಬರು. ಐಪಿಎಲ್ ಶುರುವಾಗುವ ಮೊದಲು ಒಂದು ಭಾನುವಾರ ಎಲ್ಲರೂ ಶಹಾಪುರದಲ್ಲಿ ಸೇರುತ್ತಾರೆ. ಚೀಟಿ ಎತ್ತಿ ಪಾಳಿ ಗೊತ್ತು ಮಾಡಿಕೊಂಡು, ಒಬ್ಬೊಬ್ಬರಾಗಿ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಒಬ್ಬ ಎತ್ತಿಕೊಂಡ ಆಟಗಾರ ಇನ್ನೊಬ್ಬನಿಗೆ ಸಿಗುವುದಿಲ್ಲ. ನಿಜವಾದ ಮ್ಯಾಚಿನಲ್ಲಿ ಆ ಆಟಗಾರ ಏನು ಮಾಡುತ್ತಾನೋ ಅದಕ್ಕೆ ಇವರ ನೋಟ್‌ಬುಕ್ಕಿನಲ್ಲಿ ಅಂಕ. ಕೊನೆಗೆ ಸೋತವನು ಉಳಿದ ಏಳು ಮಂದಿಗೆ ಸುಸಲಾ, ಮಿರ್ಚಿ ಭಜಿ ತಿನ್ನಿಸಬೇಕು. ದುಡ್ಡಿನ ಮಾತಿಲ್ಲ.

ಮೊದಲು ದುಡ್ಡಿನ ಮಾತೇ ಇತ್ತು. ಮೊಬೈಲಿನಲ್ಲಿ ಇಂಥ ತಂಡ ಕಟ್ಟಿ ಹಣ ಹಾಕುವ ಆಟ ನಮ್ಮ ಕಡೆಯ ಚಹಾ ಅಂಗಡಿಗಳ ಬೆಂಚು ಬೆಂಚಿಗೂ ಬಂದಿತ್ತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ನಿಲ್ಲಿಸಲು ನೋಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಈ ನಡುವಿನ ವರ್ಷಗಳಲ್ಲಿ ನಮ್ಮ ಹುಡುಗ ಅವರಪ್ಪ ತೊಗರಿ ಮಾರಿ ಫೀಸಿಗೆಂದು ಕೊಟ್ಟ ದುಡ್ಡಿನಲ್ಲಿ ಒಂದಿಷ್ಟು ಕಳೆದುಕೊಂಡ. ಅಣ್ಣ ಎರಡು ತಿಂಗಳು ಮಗನ ಜೊತೆ ಮಾತು ಬಿಟ್ಟಿದ್ದ. ಅದಕ್ಕೇ ಈಗಿನ ಮಿರ್ಚಿ ಭಜಿಯ ಪಂದ್ಯ ಕಂಡರೆ ನನಗೆ ಸಮಾಧಾನ.

ಅವನ ಲಿಸ್ಟ್ ನೋಡಿದೆ. ಹೋದ ವರ್ಷ ಯಾರು ಎಷ್ಟು ವಿಕೆಟ್ ತೆಗೆದರು ಅನ್ನುವುದನ್ನು ಮೇಲಿನಿಂದ ಕೆಳಕ್ಕೆ ನೀಟಾಗಿ ಬರೆದಿದ್ದ. ಅಷ್ಟೇ. ಬೇರೆ ಏನೂ ಇಲ್ಲ.

ನನಗೆ ನಗು ಬರಲಿಲ್ಲ. ಯಾಕಂದರೆ 1999ರ ಜನವರಿಯಲ್ಲಿ ನಾನೂ ಇಂಥದ್ದೇ ಒಂದು ಲಿಸ್ಟ್ ಮಾಡಿದ್ದೆ. ಆ ಲಿಸ್ಟಿನಿಂದ ಒಬ್ಬ ಗೆಳೆಯನನ್ನು ತಂಡದಿಂದ ಕೈಬಿಟ್ಟಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಬೌಲರನ ಬೆಲೆಯನ್ನು ಅಂಕಿಯಲ್ಲಿ ಕಟ್ಟುವ ಈ ಚಟ ಎಲ್ಲಿಂದ ಬಂತು ಅನ್ನುವುದನ್ನು ಹುಡುಗನಿಗೆ ಹೇಳಿದ ಹಾಗೆ ನಿಮಗೂ ಹೇಳಿಬಿಡುತ್ತೇನೆ.

ಗೆಳೆಯರು ಸೇರಿ ಪಾಳಿಯ ಪ್ರಕಾರ ಆಟಗಾರರನ್ನು ಹಂಚಿಕೊಳ್ಳುವ ಈ ಆಟ ನಮ್ಮ ಹುಡುಗರು ಹುಟ್ಟಿಸಿದ್ದಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಇಟ್ಟುಕೊಂಡು ಆಡುವ ಇಂಥ ಆಟಕ್ಕೆ ಈಗಿನ ರೂಪ ಬಂದದ್ದು 1980ರಲ್ಲಿ. ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ, ಬರಹಗಾರ ತನ್ನ ಗೆಳೆಯರ ಜೊತೆ ನ್ಯೂಯಾರ್ಕಿನ ಒಂದು ಊಟದ ಹೋಟೆಲಿನಲ್ಲಿ ಸೇರುತ್ತಿದ್ದ. ಆ ಹೋಟೆಲಿನ ಹೆಸರಿನ ಮೇಲೆಯೇ ಆಟಕ್ಕೆ ರೊಟಿಸರಿ ಲೀಗ್ ಎಂದು ಹೆಸರು ಬಿತ್ತು. ಅಂದರೆ ಮೂಲದಲ್ಲಿ ಇದು ತಿಂಡಿ ಟೇಬಲ್ಲಿನ ಆಟವೇ. ನಮ್ಮ ಹುಡುಗರು ಗೊತ್ತಿಲ್ಲದೇ ಮೂಲಕ್ಕೆ ವಾಪಸ್ ಬಂದಿದ್ದಾರೆ.

ಬೇಸ್‌ಬಾಲಿನಲ್ಲಿ ನಮ್ಮ ಬೌಲರನ ಜಾಗದಲ್ಲಿ ನಿಲ್ಲುವವನು ಪಿಚರ್. ಆಟದ ಮೊದಲ ಎಸೆತದಿಂದ ಭಾರ ಹೊರುವ ಪಿಚರ್ ಒಬ್ಬನಿರುತ್ತಾನೆ. ಅವನು ಒಂದು ಆಟ ಆಡಿದ ಮೇಲೆ ನಾಲ್ಕೈದು ದಿನ ತೋಳಿಗೆ ವಿಶ್ರಾಂತಿ ಕೊಡಬೇಕು. ಓಕ್ರೆಂಟ್ ಗೆಳೆಯರು ಪಿಚರ್‌ಗಳನ್ನು ನಾಲ್ಕು ಲೆಕ್ಕದಲ್ಲಿ ಅಳೆದರು. ಗೆಲುವು ಎಷ್ಟು, ಗೆಲ್ಲುತ್ತಿದ್ದ ಆಟವನ್ನು ಕೊನೆಯಲ್ಲಿ ಬಂದು ಕಾಪಾಡಿದ್ದು ಎಷ್ಟು, ರನ್ ಸರಾಸರಿ ಎಷ್ಟು, ಇನಿಂಗ್ಸಿಗೆ ಎಷ್ಟು ಜನರನ್ನು ಬೇಸಿಗೆ ಬಿಟ್ಟ. ಈ ನಾಲ್ಕನೇ ಲೆಕ್ಕವನ್ನು ಓಕ್ರೆಂಟೇ ಕಟ್ಟಿದ್ದು. ಮೂರನೆಯದಾದ ರನ್ ಸರಾಸರಿ ಮಾತ್ರ ಅದಕ್ಕಿಂತ ಬಹಳ ಹಳೆಯದು. ಅದರ ಬೇರು ಕ್ರಿಕೆಟ್ಟಿನ ನೆಲದಲ್ಲಿದೆ.

ಹೆನ್ರಿ ಚಾಡ್ವಿಕ್ ಎಂಬವನು 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿದ. ಹುಡುಗನಿದ್ದಾಗಲೇ ಮನೆಯವರ ಜೊತೆ ಅಮೆರಿಕದ ಬ್ರೂಕ್ಲಿನ್‌ಗೆ ಹೋದ. ದೊಡ್ಡವನಾಗಿ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ. ಹೌದ್ರಿ, ಅಲ್ಲಿಯೂ ಆಗ ಕ್ರಿಕೆಟ್ ಇತ್ತು. ಆಮೇಲೆ ಬೇಸ್‌ಬಾಲ್ ಅವನ ಕಣ್ಣಿಗೆ ಬಿತ್ತು. ಕ್ರಿಕೆಟ್ಟಿನ ಸ್ಕೋರ್ ಕಾರ್ಡಿನ ಅಭ್ಯಾಸವನ್ನು ಆ ಆಟಕ್ಕೆ ತಂದು, ಪತ್ರಿಕೆಯಲ್ಲಿ ಅಚ್ಚು ಮಾಡುವಂಥ ಪಟ್ಟಿ ಕಟ್ಟಿದ. ಬ್ಯಾಟಿಂಗ್ ಸರಾಸರಿ, ಪಿಚರನ ರನ್ ಸರಾಸರಿ ಎರಡರ ಹಿಂದೆಯೂ ಅವನ ಹೆಸರು ಹೇಳುತ್ತಾರೆ.

ಅಲ್ಲಿ ಒಂದು ಸೂಕ್ಷ್ಮ ನಡೆಯಿತು. ಕ್ರಿಕೆಟ್ಟಿನಲ್ಲಿ ಬೌಲರ್ ಕೊಟ್ಟ ರನ್ನನ್ನು ವಿಕೆಟ್ಟಿನಿಂದ ಭಾಗಿಸುತ್ತೇವೆ. ಬೇಸ್‌ಬಾಲಿನವರು ರನ್ನನ್ನೇ ಎರಡು ಭಾಗ ಮಾಡಿದರು. ಪಿಚರ್ ಎಸೆತಕ್ಕೆ ಎದುರಾಳಿ ದುಡಿದು ಗಳಿಸಿದ ರನ್ ಒಂದು ಕಡೆ. ಫೀಲ್ಡರ್ ಚೆಂಡು ಬಿಟ್ಟಿದ್ದಕ್ಕೆ, ತಪ್ಪು ಎಸೆದಿದ್ದಕ್ಕೆ ಬಂದ ರನ್ ಇನ್ನೊಂದು ಕಡೆ. ಎರಡನೆಯದನ್ನು ಪಿಚರನ ತಲೆಗೆ ಕಟ್ಟುವುದಿಲ್ಲ. 1912ರ ಹೊತ್ತಿಗೆ ಅಲ್ಲಿನ ದೊಡ್ಡ ಲೀಗ್ ಈ ಸರಾಸರಿಯನ್ನು ಅಧಿಕೃತ ಲೆಕ್ಕಕ್ಕೆ ಸೇರಿಸಿತು. ಫೀಲ್ಡರನ ತಪ್ಪಿಗೆ ಅವರ ಸ್ಕೋರ್ ಕಾರ್ಡಿನಲ್ಲಿ ಒಂದು ಪ್ರತ್ಯೇಕ ಕಲಮೇ ಇದೆ.

ನಮ್ಮಲ್ಲಿ ಆ ಕಲಮು ಇಲ್ಲ. ಇವತ್ತಿಗೂ ಇಲ್ಲ. ಸ್ಲಿಪ್ಪಿನಲ್ಲಿ ನಿಂತವನು ಸೊನ್ನೆಗೆ ಕ್ಯಾಚ್ ಬಿಟ್ಟು, ಆ ಬ್ಯಾಟ್ಸ್‌ಮನ್ ಆಮೇಲೆ ನೂರು ಹೊಡೆದರೆ, ಅದರಲ್ಲಿ ಆ ಬೌಲರನಿಗೆ ಹೊಡೆದ ರನ್ನೆಲ್ಲ ಬೌಲರನ ಲೆಕ್ಕಕ್ಕೇ. ಬಿಟ್ಟವನ ಹೆಸರಿನ ಮುಂದೆ ಏನೂ ಇರುವುದಿಲ್ಲ.

ಕ್ರಿಕೆಟ್ಟಿನ ಲೆಕ್ಕವೂ ಒಂದೇ ದಿನ ಹುಟ್ಟಿದ್ದಲ್ಲ. 19ನೇ ಶತಮಾನದ ಮೊದಲ ದಶಕಗಳಲ್ಲಿ ಕ್ಯಾಚ್ ಹಿಡಿದು ಔಟಾದರೆ ಬೌಲರನ ಹೆಸರೇ ಬರೆಯುತ್ತಿರಲಿಲ್ಲ. ಸ್ಟಂಪ್ ಉರುಳಿದರೆ ಮಾತ್ರ ಅವನ ವಿಕೆಟ್. ಇನ್ನೊಂದು ತುದಿಗೆ ನೋಡಿ, 1980ರ ದಶಕದ ಮಧ್ಯದವರೆಗೂ ವೈಡ್, ನೋಬಾಲ್‌ಗಳ ರನ್ ಬೌಲರನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಈಗ ಸೇರುತ್ತದೆ. ಹಾಗಾಗಿ ಹಳೇ ಬೌಲರನ ಅಂಕಿ, ಹೊಸ ಬೌಲರನ ಅಂಕಿ ಎರಡನ್ನೂ ಪಕ್ಕದಲ್ಲಿಟ್ಟು ಅಳೆಯುವಾಗ ತಕ್ಕಡಿಯೇ ಬದಲಾಗಿದೆ ಅನ್ನುವುದು ನೆನಪಿರಬೇಕು.

ಇಷ್ಟು ಹೇಳುವಷ್ಟರಲ್ಲಿ ಹುಡುಗನಿಗೆ ಬೇಸರ ಬಂತು. "ಕಾಕಾ, ಹಳೇದು ಸಾಕ್ರಿ. ಸರಾಸರಿ ನೋಡಿ ಎತ್ತಿದ್ರ ಸರಿ ಆಗ್ತದೇನು?" ಅಂದ. ಒಳ್ಳೆಯ ಪ್ರಶ್ನೆ. ಅವನಿಗೆ ಏಳು ಹೆಸರು ಬರೆದುಕೊಟ್ಟೆ.

ಮೊದಲನೆಯವರು ಗುಲಾಂ ಅಹ್ಮದ್. ಹೈದರಾಬಾದಿನ ಆಫ್ ಸ್ಪಿನ್ನರ್. 1956ರ ನವೆಂಬರ್ 1ರವರೆಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗೆ ನೋಡಿದರೆ ನಮ್ಮ ತಾತಂದಿರ ಕಾಲಕ್ಕೆ ಅವರು ನಮ್ಮ ರಾಜ್ಯದ ಬೌಲರ್. ಟೆಸ್ಟ್ ಸರಾಸರಿ 30.17. ಆಮೇಲೆ ಬಾಪು ನಾಡಕರ್ಣಿ, 29.07. ಬಿಷನ್ ಸಿಂಗ್ ಬೇಡಿ, 28.71. ನಮ್ಮ ಎರಪಳ್ಳಿ ಪ್ರಸನ್ನ, 30.38. ಬಿ.ಎಸ್. ಚಂದ್ರಶೇಖರ್, 29.74. ಅನಿಲ್ ಕುಂಬ್ಳೆ, 29.65. ಜಾವಗಲ್ ಶ್ರೀನಾಥ್, 30.49.

ಏಳೂ ಮಂದಿ ಎರಡು ರನ್ನಿನ ಅಂತರದೊಳಗೇ ಇದ್ದಾರೆ. ಸರಾಸರಿ ನೋಡಿ ಎತ್ತುವುದಾದರೆ ಕಣ್ಣು ಮುಚ್ಚಿ ಚೀಟಿ ಎತ್ತಿದರೂ ಒಂದೇ. ಆದರೆ ಈ ಏಳು ಜನರ ಬೌಲಿಂಗ್ ನೋಡಿದವರು ಯಾರಾದರೂ ಇವರೆಲ್ಲ ಒಂದೇ ಥರ ಅಂದಾರೇನು?

ಗುಟ್ಟು ಏನಂದರೆ, ಸರಾಸರಿ ಅನ್ನುವುದು ಎರಡು ಅಂಕಿಗಳ ಗುಣಾಕಾರ. ಒಂದು ವಿಕೆಟ್ಟಿಗೆ ಎಷ್ಟು ಓವರ್ ಬೇಕು, ಒಂದು ಓವರಿಗೆ ಎಷ್ಟು ರನ್ ಕೊಡುತ್ತಾನೆ. ಎರಡನ್ನೂ ಗುಣಿಸಿದರೆ ಸರಾಸರಿ. ಚಂದ್ರಶೇಖರ್ 58 ಟೆಸ್ಟಿನಲ್ಲಿ 242 ವಿಕೆಟ್ ತೆಗೆದರು. ಸುಮಾರು 66 ಎಸೆತಕ್ಕೆ ಒಂದು ವಿಕೆಟ್, ಅಂದರೆ 11 ಓವರ್. ಓವರಿಗೆ 2.70 ರನ್. ಬೇಡಿ 67 ಟೆಸ್ಟಿನಲ್ಲಿ 266 ವಿಕೆಟ್ ತೆಗೆದರು. ಒಂದು ವಿಕೆಟ್ಟಿಗೆ 80 ಎಸೆತ, ಆದರೆ ಓವರಿಗೆ ಕೊಟ್ಟಿದ್ದು 2.14 ರನ್ ಅಷ್ಟೇ. ಪ್ರಸನ್ನ ಇಬ್ಬರ ನಡುವೆ, 76 ಎಸೆತ, 2.40 ರನ್. ನಾಡಕರ್ಣಿಗೆ ಒಂದು ವಿಕೆಟ್ಟಿಗೆ 104 ಎಸೆತ ಬೇಕಾಗಿತ್ತು, ಆದರೆ ಓವರಿಗೆ ಎರಡು ರನ್ನೂ ಪೂರ್ತಿ ಕೊಡುತ್ತಿರಲಿಲ್ಲ.

ನಾಡಕರ್ಣಿಯವರ 1964ರ ಜನವರಿಯ ಮದ್ರಾಸ್ ಟೆಸ್ಟ್ ಎಲ್ಲರಿಗೂ ಗೊತ್ತು. ಇಂಗ್ಲೆಂಡ್ ಎದುರು 32 ಓವರ್, 27 ಮೇಡನ್, 5 ರನ್, ವಿಕೆಟ್ ಸೊನ್ನೆ. ಸತತ 21 ಮೇಡನ್. ಇವತ್ತಿನ ಹುಡುಗರ ಆಟದಲ್ಲಿ ವಿಕೆಟ್ಟಿಗೇ ದೊಡ್ಡ ಅಂಕ. ಅಂಥವರನ್ನು ಎತ್ತಿಕೊಂಡವನು ಮಿರ್ಚಿ ಭಜಿ ತಿನ್ನಿಸಬೇಕಾದೀತು. ಚಂದ್ರಶೇಖರ್‌ನನ್ನು ಎತ್ತಿಕೊಂಡವನು ಕೆಲವು ದಿನ ಹೊಡೆಸಿಕೊಂಡರೂ ಒಂದು ದಿನ ಲಾಟರಿ ಹೊಡೆಯುತ್ತಾನೆ. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಭಾರತ ಆ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿದ್ದು ಹಾಗೆ. ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಕೈ ಅದು.

ಓವಲ್‌ನ ಆ ಇನಿಂಗ್ಸಿನಲ್ಲೇ ಇನ್ನೊಂದು ನೋಟವಿದೆ. ಅಲನ್ ನಾಟ್ ಬ್ಯಾಟಿಗೆ ತಗುಲಿದ ಚೆಂಡನ್ನು ಏಕನಾಥ ಸೋಳ್ಕರ್ ಮುಂದಕ್ಕೆ ಹಾರಿ ನೆಲಕ್ಕೆ ಬೀಳುವ ಮುಂಚೆ ಹಿಡಿದರು. ವಿಕೆಟ್ ವೆಂಕಟರಾಘವನ್ ಹೆಸರಿಗೆ ಬಿತ್ತು. ಸೋಳ್ಕರ್ 27 ಟೆಸ್ಟಿನಲ್ಲಿ 53 ಕ್ಯಾಚ್ ಹಿಡಿದರು. ಹೆಲ್ಮೆಟ್ ಇಲ್ಲದ ಕಾಲದಲ್ಲಿ, ಬ್ಯಾಟಿನ ಮೂಗಿನ ಕೆಳಗೆ ನಿಂತು. ಆ ಕಾಲದ ನಮ್ಮ ಸ್ಪಿನ್ನರ್‌ಗಳ ಸರಾಸರಿಯಲ್ಲಿ ಆ ಮನುಷ್ಯನ ಮೊಣಕಾಲು ಮೊಣಕೈಗಳ ಚರ್ಮವೂ ಸೇರಿದೆ. ಸೋಳ್ಕರ್ ಇಲ್ಲದ ತಂಡದಲ್ಲಿ ಅದೇ ಎಸೆತಕ್ಕೆ ವಿಕೆಟ್ ಬರುತ್ತಿರಲಿಲ್ಲ. ಎಸೆತ ಮಾತ್ರ ಅದೇ.

ಈ ಮಾತನ್ನು ಬೇಸ್‌ಬಾಲಿನಲ್ಲಿ ಗಟ್ಟಿಯಾಗಿ ಹೇಳಿದವನು ವೋರೋಸ್ ಮೆಕ್ರಾಕನ್. 2001ರಲ್ಲಿ ಅವನೊಂದು ವಾದ ಮುಂದಿಟ್ಟ. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಔಟಾಗುತ್ತದೋ ಇಲ್ಲವೋ ಎಂಬುದರಲ್ಲಿ ಪಿಚರನ ಕೈ ಬಹಳ ಕಡಿಮೆ. ಫೀಲ್ಡರ್ ಮತ್ತು ಅದೃಷ್ಟದ ಪಾಲೇ ಹೆಚ್ಚು. ಪಿಚರನ ಸ್ವಂತದ್ದು ಅಂತ ನೋಡಬೇಕಾದರೆ, ಬ್ಯಾಟಿಗೆ ಸಿಗದಂತೆ ಎಸೆದು ಎಷ್ಟು ಜನರನ್ನು ಕಳಿಸಿದ, ಗುರಿ ತಪ್ಪಿ ಎಷ್ಟು ಜನರನ್ನು ಪುಕ್ಕಟೆ ಬಿಟ್ಟ, ಮೈದಾನದ ಆಚೆಗೆ ಎಷ್ಟು ಹೊಡೆಸಿಕೊಂಡ, ಈ ಮೂರನ್ನೇ ನೋಡಿ ಅಂದ. ಮೊದಲು ಜನ ನಂಬಲಿಲ್ಲ. ಆಮೇಲೆ ತಿದ್ದುಪಡಿಗಳೊಂದಿಗೆ ಒಪ್ಪಿಕೊಂಡರು. ಇವತ್ತು ಅಲ್ಲಿ ಪಿಚರ್ ಆರಿಸುವವರು ಹೋದ ವರ್ಷದ ರನ್ ಸರಾಸರಿಗಿಂತ ಈ ಮೂರಕ್ಕೇ ಹೆಚ್ಚು ತೂಕ ಕೊಡುತ್ತಾರೆ. ಗೆಲುವಿನ ಲೆಕ್ಕವನ್ನಂತೂ ಬಹಳ ಜನ ಬಿಟ್ಟೇಬಿಟ್ಟರು. 2018ರಲ್ಲಿ ಜೇಕಬ್ ಡಿಗ್ರಾಮ್ ಎಂಬ ಪಿಚರ್ ಒಂಬತ್ತು ಇನಿಂಗ್ಸಿಗೆ 1.70 ರನ್ನಿನ ಸರಾಸರಿಯಲ್ಲಿ ಎಸೆದ. ಅವನ ತಂಡ ಅವನಿಗೆ ರನ್ ಹೊಡೆದು ಕೊಡಲಿಲ್ಲ. ಗೆಲುವು 10, ಸೋಲು 9. ಆದರೂ ಆ ವರ್ಷದ ಅತ್ಯುತ್ತಮ ಪಿಚರ್ ಪ್ರಶಸ್ತಿ ಅವನಿಗೇ ಬಂತು.

ಹುಡುಗ ಈಗ ನೆಟ್ಟಗೆ ಕುಳಿತ. "ಹಂಗಾದ್ರ ನಾ ಏನ್ ನೋಡಬೇಕು ಅದನ್ನ ಹೇಳ್ರಿ."

ನೋಡ್ರಿ, ನಾನು ಹೇಳಿದ್ದು ಇಷ್ಟೇ.

ಮೊದಲು ಎಸೆತ ಎಣಿಸು. ಐಪಿಎಲ್ ಲೀಗಿನಲ್ಲಿ ಒಂದು ತಂಡಕ್ಕೆ 14 ಪಂದ್ಯ, ಒಬ್ಬ ಬೌಲರನಿಗೆ ಪಂದ್ಯಕ್ಕೆ 4 ಓವರ್. ಎಲ್ಲ ಪಂದ್ಯ ಆಡಿ ಎಲ್ಲ ಓವರ್ ಹಾಕಿದರೂ 336 ಎಸೆತ. ಗುಲಾಂ ಅಹ್ಮದ್ 1950-51ರಲ್ಲಿ ಹೋಳ್ಕರ್ ತಂಡದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 92.3 ಓವರ್ ಹಾಕಿದ್ದರು. ಅಂದರೆ 555 ಎಸೆತ. ಇವತ್ತಿನ ಬೌಲರನ ಇಡೀ ಲೀಗಿಗಿಂತ ಅವರ ಒಂದು ಇನಿಂಗ್ಸ್ ದೊಡ್ಡದು. ಇಷ್ಟು ಕಡಿಮೆ ಎಸೆತದಲ್ಲಿ ನಾಲ್ಕು ಕ್ಯಾಚ್ ಬಿದ್ದರೆ ಒಬ್ಬ ಮೇಲೆ, ನಾಲ್ಕು ಕ್ಯಾಚ್ ಹಿಡಿದರೆ ಇನ್ನೊಬ್ಬ ಮೇಲೆ. ಹಾಗಾಗಿ ಒಂದು ವರ್ಷದ ವಿಕೆಟ್ ನಂಬಬೇಡ, ಮೂರು ವರ್ಷದ್ದು ಕೂಡಿಸಿ ನೋಡು.

ಎರಡನೆಯದು, ಯಾವ ಓವರ್ ಹಾಕುತ್ತಾನೆ ನೋಡು. ಕೊನೆಯ ನಾಲ್ಕು ಓವರಿನಲ್ಲಿ ಎಲ್ಲರೂ ಬೀಸುತ್ತಾರೆ. ಅಲ್ಲಿ ಬೌಲರನಿಗೆ ವಿಕೆಟ್ಟೂ ಬರುತ್ತದೆ, ರನ್ನೂ ಹೋಗುತ್ತದೆ. ಓವರಿಗೆ 9 ರನ್ ಕೊಟ್ಟು ಕೊನೆಯ ಓವರ್ ಹಾಕಿದವನು, 8 ರನ್ ಕೊಟ್ಟು ನಡುವಿನ ಓವರ್ ಹಾಕಿದವನಿಗಿಂತ ಒಳ್ಳೆಯವನಿರಬಹುದು.

ಮೂರನೆಯದು, ವಿಕೆಟ್ ಹೇಗೆ ಬಂತು ನೋಡು. ಬೌಲ್ಡ್, ಎಲ್‌ಬಿಡಬ್ಲ್ಯು ಬಹುತೇಕ ಬೌಲರನ ಸ್ವಂತ ದುಡಿಮೆ. ಬೌಂಡರಿ ಗೆರೆಯ ಮೇಲೆ ಹಿಡಿದ ಕ್ಯಾಚು ಮುಂದಿನ ವರ್ಷ ಸಿಕ್ಸರ್ ಆಗಬಹುದು.

ನಾಲ್ಕನೆಯದು, ನಾಲ್ಕು ಓವರ್ ಅವನಿಗೆ ಖಾತ್ರಿ ಇದೆಯೋ ಇಲ್ಲವೋ. ಎಷ್ಟೇ ಚಲೋ ಬೌಲರ್ ಆಗಲಿ, ಬೆಂಚಿನ ಮೇಲೆ ಕೂತರೆ ನಿನ್ನ ನೋಟ್‌ಬುಕ್ಕಿಗೆ ಸೊನ್ನೆ. ತೋಳು ನೋವು ಮಾಡಿಕೊಳ್ಳುವವನು ಕೂಡ ಸೊನ್ನೆಯೇ. ಅಮೆರಿಕದವರೂ ಇದೇ ಭಯಕ್ಕೆ ಪಿಚರ್‌ಗಳನ್ನು ಮೊದಲ ಪಾಳಿಯಲ್ಲಿ ಎತ್ತಲು ಹಿಂದೆಮುಂದೆ ನೋಡುತ್ತಾರೆ.

ಇಷ್ಟೆಲ್ಲ ನೋಡಿದರೂ ಒಂದೊಂದು ದಿನ ಲೆಕ್ಕ ತಲೆಕೆಳಗಾಗುತ್ತದೆ ಬಿಡ್ರಿ. 2009ರ ಏಪ್ರಿಲ್‌ನಲ್ಲಿ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದಾಗ, ಟೆಸ್ಟಿನಿಂದ ನಿವೃತ್ತಿಯಾಗಿದ್ದ ಕುಂಬ್ಳೆ ಕೇಪ್‌ಟೌನಿನಲ್ಲಿ ರಾಜಸ್ಥಾನ್ ವಿರುದ್ಧ 3.1 ಓವರಿನಲ್ಲಿ 5 ರನ್ನಿಗೆ 5 ವಿಕೆಟ್ ಕಿತ್ತರು. ಯಾವ ಲಿಸ್ಟ್ ಹೇಳಿತ್ತು ಅದನ್ನು?

ಇನ್ನು ನನ್ನ ಲಿಸ್ಟಿನ ಕಥೆ.

1999ರಲ್ಲಿ ನಾವೆಲ್ಲ ಇನ್ನೂ ಗುಲ್ಬರ್ಗ ಜಿಲ್ಲೆಯವರು. ಸಂಕ್ರಮಣ ಮುಗಿದ ಮೇಲೆ ಸುರಪುರದಲ್ಲಿ ಒಂದು ಕಾರ್ಕ್ ಬಾಲ್ ಟೂರ್ನಮೆಂಟ್ ಇತ್ತು. ನಮ್ಮ ಶಹಾಪುರದ ತಂಡದ ಲೆಕ್ಕಪತ್ರ ನನ್ನದು. ಮ್ಯಾಚಿನ ಸ್ಕೋರ್ ಪುಸ್ತಕದಿಂದ ರಾತ್ರಿ ಕುಳಿತು ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಪ್ರತಿ ಬೌಲರನಿಗೆ ಒಂದು ಪುಟ. ಊರಲ್ಲಿ ನನಗೆ ಆ ನೋಟ್‌ಬುಕ್ಕಿನಿಂದಲೇ ಮರ್ಯಾದೆ. ತಂಡ ಆರಿಸುವಾಗ ಹಿರಿಯರೂ "ಅವನ ಪುಸ್ತಕ ಏನ್ ಹೇಳ್ತದ ನೋಡ್ರಿ" ಅನ್ನುತ್ತಿದ್ದರು.

ಒಂದೇ ಒಂದು ಬೌಲರನ ಜಾಗ ಉಳಿದಿತ್ತು. ಇಬ್ಬರು ಇದ್ದರು. ಒಬ್ಬನ ಪುಟದಲ್ಲಿ ಆರು ಮ್ಯಾಚಿಗೆ ಹನ್ನೊಂದು ವಿಕೆಟ್. ಇನ್ನೊಬ್ಬ ನನ್ನ ಗೆಳೆಯ, ಬಸ್‌ಸ್ಟ್ಯಾಂಡ್ ಹತ್ತಿರ ಟೇಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಅವನ ಪುಟದಲ್ಲಿ ನಾಲ್ಕು ವಿಕೆಟ್. ಹನ್ನೊಂದು ದೊಡ್ಡದೋ ನಾಲ್ಕು ದೊಡ್ಡದೋ? ನಾನು ನೋಟ್‌ಬುಕ್ ಓದಿದೆ. ಹಿರಿಯರು ತಲೆ ಆಡಿಸಿದರು. ಗೆಳೆಯ ಅಲ್ಲೇ ನಿಂತಿದ್ದ. ಏನೂ ಅನ್ನದೆ ಸೈಕಲ್ ಹತ್ತಿ ಹೋದ. ಟೂರ್ನಮೆಂಟಿನಲ್ಲಿ ನಾವು ಮೊದಲ ಮ್ಯಾಚೇ ಸೋತೆವು ಅನ್ನುವುದು ಬೇರೆ ಮಾತು. ಗೆದ್ದಿದ್ದರೂ ನಾನು ಮಾಡಿದ್ದು ಸರಿಯಾಗುತ್ತಿರಲಿಲ್ಲ.

ಫೆಬ್ರವರಿ 7, ಭಾನುವಾರ. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಎದುರು ಟೆಸ್ಟ್. ಟೇಲರ್ ಅಂಗಡಿಯಲ್ಲಿ ಸಣ್ಣದೊಂದು ಬ್ಲಾಕ್ ಅಂಡ್ ವೈಟ್ ಟಿವಿ ಇತ್ತು. ಬಸ್ಸಿಗೆ ಕಾಯುವವರು, ಚಹಾ ಅಂಗಡಿಯವರು ಎಲ್ಲ ಬಾಗಿಲಿಗೆ ಮುತ್ತಿಕೊಂಡಿದ್ದರು. ಜನರ ಹಿಂದೆ ಮರೆಯಾಗಿ ನಾನೂ ನಿಂತೆ. ಅವನಿಗೆ ಮುಖ ತೋರಿಸಿ ಮೂರು ವಾರವಾಗಿತ್ತು. ಪಾಕಿಸ್ತಾನದ ಮೊದಲ ಜೋಡಿ 101 ರನ್ ಸೇರಿಸಿತು. ಆಮೇಲೆ ಕುಂಬ್ಳೆ ಒಂದೊಂದೇ ಕಿತ್ತುತ್ತ ಹೋದರು. ಒಂಬತ್ತಾಯಿತು. ಈಗ ಇನ್ನೊಂದು ತುದಿಯಿಂದ ಶ್ರೀನಾಥ್ ಓವರ್. ಅಷ್ಟು ದೊಡ್ಡ ಬೌಲರ್, ಸ್ಟಂಪಿಗೆ ಹಾಕಲೇ ಇಲ್ಲ. ಬ್ಯಾಟಿಗೆ ಸಿಗದಷ್ಟು ದೂರ ದೂರ ಎಸೆದರು. ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. 26.3 ಓವರ್, 74 ರನ್, 10 ವಿಕೆಟ್. ಬಸ್‌ಸ್ಟ್ಯಾಂಡಿನಲ್ಲಿ ಸೀಟಿ, ಕೇಕೆ.

ಗದ್ದಲ ಇಳಿದ ಮೇಲೆ ಗೆಳೆಯ ನನ್ನನ್ನು ನೋಡಿದ. ಮೊದಲೇ ನೋಡಿದ್ದನೇನೋ. ಮಷೀನಿನ ಮೇಲಿಂದ ಕಾಲು ತೆಗೆಯದೇ ಕೇಳಿದ: "ಶ್ರೀನಾಥಂದು ಆ ಓವರ್ ನಿನ್ನ ಪುಸ್ತಕದಾಗ ಯಾವ ಕಲಮಿನಾಗ ಬರೀತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ತಿಂಗಳು 16ಕ್ಕೆ ಕೋಲ್ಕತ್ತದಲ್ಲಿ ಇನ್ನೊಂದು ಟೆಸ್ಟ್ ಶುರುವಾಯಿತು. ಶ್ರೀನಾಥ್ ಎರಡು ಇನಿಂಗ್ಸಿನಲ್ಲಿ 5 ಮತ್ತು 8, ಒಟ್ಟು 13 ವಿಕೆಟ್ ತೆಗೆದರು. ಭಾರತ 46 ರನ್ನಿನಿಂದ ಸೋತಿತು. ಬೇಸ್‌ಬಾಲ್ ಆಗಿದ್ದರೆ ಅವರ ಹೆಸರಿನ ಮುಂದೆ ಒಂದು ಸೋಲು ಬರೆಯುತ್ತಿದ್ದರು.

ಹುಡುಗನಿಗೆ ಈ ಕಥೆ ಹೇಳಿ ಮುಗಿಸಿದ ಮೇಲೆ ಅವನು ಹಟ ಹಿಡಿದ. ಆ ಹಳೇ ನೋಟ್‌ಬುಕ್ ತೋರಿಸ್ರಿ ಅಂದ. ಟ್ರಂಕಿನಲ್ಲಿ ಹುಡುಕಿದೆ. ಅಂಚು ಇಲಿ ಕಡಿದಿತ್ತು, ಅಂಕಿ ಉಳಿದಿದ್ದವು. ಇಬ್ಬರೂ ಕುಳಿತು ನಾನು ಮೇಲೆ ಹೇಳಿದ ತಕ್ಕಡಿಯಲ್ಲೇ ತೂಗಿದೆವು. ಹನ್ನೊಂದು ವಿಕೆಟ್ಟಿನವನಿಗೆ ಏಳು ವಿಕೆಟ್ ಬಂದಿದ್ದು ಬಾಲ ಹಿಡಿದ ಬ್ಯಾಟ್ಸ್‌ಮನ್‌ಗಳದ್ದು. ಗೆಳೆಯ ಎಲ್ಲ ಮ್ಯಾಚಿನಲ್ಲೂ ಮೊದಲ ಓವರುಗಳನ್ನೇ ಹಾಕಿದ್ದ, ಬಾಕಿಯವರೆಲ್ಲರಿಗಿಂತ ಕಡಿಮೆ ರನ್ ಕೊಟ್ಟಿದ್ದ. ಎದುರುಗಾಳಿಯ ತುದಿ ಯಾವಾಗಲೂ ಅವನಿಗೇ ಕೊಡುತ್ತಿದ್ದೆವು ಅನ್ನುವುದು ನನಗೆ ನೆನಪಿತ್ತು, ಪುಸ್ತಕದಲ್ಲಿರಲಿಲ್ಲ.

"ನಡೀರಿ ಕಾಕಾ, ಅವರ ಕಡಿ ಹೋಗಿ ಬರೋಣು" ಅಂದ ಹುಡುಗ. ಈಗ ಅಂಗಡಿ ಗೆಳೆಯನದೇ. ಕನ್ನಡಕ ಬಂದಿದೆ. ಇಬ್ಬರು ಹುಡುಗರು ಕೈ ಕೆಳಗೆ ಕೆಲಸಕ್ಕಿದ್ದಾರೆ. ಮಾತು ನಿಂತಿರಲಿಲ್ಲ ನಮ್ಮಿಬ್ಬರದು. ಹಬ್ಬಕ್ಕೆ, ಮದುವೆಗೆ ಬಟ್ಟೆ ಅವನ ಹತ್ತಿರವೇ ಹೊಲಿಸುತ್ತೇನೆ. ಆದರೆ ಇಪ್ಪತ್ತಾರು ವರ್ಷಗಳಲ್ಲಿ ಆ ಟೂರ್ನಮೆಂಟಿನ ಮಾತು ಇಬ್ಬರೂ ಎತ್ತಿರಲಿಲ್ಲ. ನೋಟ್‌ಬುಕ್ ಅವನ ಮುಂದಿಟ್ಟು ಹೇಳಿದೆ. ಆವತ್ತು ನಾನು ಲೆಕ್ಕ ತಪ್ಪು ಓದಿದೆ, ಜಾಗ ನಿನ್ನದಿತ್ತು ಅಂತ.

ಅವನು ಕತ್ತರಿ ಕೆಳಗಿಟ್ಟು ತನ್ನ ಪುಟವನ್ನು ಬೆರಳಿನಿಂದ ಸವರುತ್ತ ಹೋದ. ಒಂದೊಂದು ಮ್ಯಾಚಿನ ಮುಂದೂ ನಿಂತ.

"ಇಲ್ಲಿ ಯಾದಗಿರಿಯವರ ಮ್ಯಾಚಿನಾಗ ಮಿಡ್ ಆಫಿನಾಗ ಒಂದ್ ಬಿಟ್ರು. ಇಲ್ಲಿ ಕೀಪರ್ ಒಂದ್ ಬಿಟ್ಟ. ಇಲ್ಲಿ, ಸುರಪುರದ ಓಪನರ್, ಮೊದಲನೇ ಓವರಿನಾಗ, ಸ್ಲಿಪ್ಪಿನಾಗ." ಬೆರಳು ಅಲ್ಲೇ ನಿಂತಿತು. "ಅಂವ ಆಮ್ಯಾಲ ಅರವತ್ ಹೊಡದ."

"ಸ್ಲಿಪ್ಪಿನಾಗ ಯಾರಿದ್ರು?" ಕೇಳಿದ ನಮ್ಮ ಹುಡುಗ.

ಗೆಳೆಯ ನನ್ನ ಮುಖ ನೋಡಿ ನಕ್ಕ. ನನಗೆ ಆಗ ನೆನಪಾಯಿತು. ಚೆಂಡು ಎಡಗೈ ಬೆರಳಿಗೆ ತಗುಲಿ ಹಾರಿದ್ದು, ಬೆರಳು ಬಾತುಕೊಂಡು ಆ ರಾತ್ರಿ ಪೆನ್ ಹಿಡಿದದ್ದಕ್ಕೆ ನೋವಾಗಿದ್ದು. ಹಾಗೆ ನೋಯುವ ಕೈಯಲ್ಲೇ ಅವನ ಪುಟದಲ್ಲಿ ಆ ಮ್ಯಾಚಿನ ವಿಕೆಟ್ ಸೊನ್ನೆ ಅಂತ ಬರೆದಿದ್ದೆ.

"ಚಾ ತರಸು," ಅಂದ ಗೆಳೆಯ ಕೆಲಸದ ಹುಡುಗನಿಗೆ. "ದುಡ್ಡ್ ಇವರೇ ಕೊಡ್ತಾರ."

ಭಾನುವಾರ ಎಂಟು ಮಂದಿಯ ಹಂಚಿಕೆ ನಡೆಯಿತು. ಅಣ್ಣನ ಮಗ ಮೂರನೇ ಪಾಳಿಯಲ್ಲಿ ಬೌಲರನನ್ನು ಎತ್ತಲಿಲ್ಲ, ಬ್ಯಾಟ್ಸ್‌ಮನ್ ಎತ್ತಿದ. ಬೌಲರ್‌ಗಳನ್ನು ಆಮೇಲೆ ನಿಧಾನಕ್ಕೆ ನೋಡಿ ತಗೊಂಡನಂತೆ. ಗೆಲ್ಲುತ್ತಾನೋ, ಮಿರ್ಚಿ ಭಜಿ ತಿನ್ನಿಸುತ್ತಾನೋ ಮೇ ತಿಂಗಳಿಗೆ ಗೊತ್ತಾಗುತ್ತದೆ. ನೋಟ್‌ಬುಕ್ಕಿನಲ್ಲಿ ಪ್ರತಿ ಬೌಲರನ ಪುಟಕ್ಕೂ ಸ್ಕೇಲ್ ಹಿಡಿದು ಒಂದು ಹೊಸ ಕಲಮು ಎಳೆದಿದ್ದಾನೆ. ತಲೆಬರಹ ‘ಬಿಟ್ಟ ಕ್ಯಾಚು’. ಪಕ್ಕದಲ್ಲಿ ಇನ್ನೊಂದು ಸಣ್ಣ ಕಲಮು, ‘ಬಿಟ್ಟವರು’.